ಈಯುವ ಹಸುವಿಗೆ ಎಷ್ಟು ಜಾಗ: 12 ಚದರ ಮೀಟರ್‌ನ ಲೆಕ್ಕ

ಸಾಲು ಕೊಟ್ಟಿಗೆಯಲ್ಲಿ ಕಟ್ಟಿದ ಮಿಶ್ರತಳಿ ಹಸುವಿಗೆ ಸಿಗುವ ಜಾಗ ಹೆಚ್ಚೆಂದರೆ 1.7 ಮೀಟರ್ ಉದ್ದ, 1.2 ಮೀಟರ್ ಅಗಲ. ಗುಣಿಸಿದರೆ 2.04 ಚದರ ಮೀಟರ್. ಭಾರತೀಯ ಮಾನಕ ಬ್ಯೂರೋದ ಮಾನದಂಡದಲ್ಲಿ ಈಯುವ ಹಸುವಿಗೆ ಚಾವಣಿಯ ಕೆಳಗೆ ಹೇಳಿರುವ ಜಾಗ 12 ಚದರ ಮೀಟರ್. ಅಡಿ ಲೆಕ್ಕದಲ್ಲಿ 129 ಚದರ ಅಡಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ 5.9 ಪಟ್ಟು. ನಮ್ಮ ಸಣ್ಣ ಹೈನುಗಾರರ ಕೊಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಹಸು ಕರು ಹಾಕುವುದು ದಿನವೂ ಕಟ್ಟುವ ಆ 2.04 ಚದರ ಮೀಟರಿನಲ್ಲೇ. ಹಿಂದೆ ಗಂಜಲದ ಕಾಲುವೆ, ಮುಂದೆ ಗೋದಲಿ, ಎರಡೂ ಪಕ್ಕದಲ್ಲಿ ಬೇರೆ ಹಸುಗಳ ಕಾಲು.

ಕಟ್ಟದೆ ಬಿಟ್ಟು ಸಾಕುವ ಪದ್ಧತಿಯಲ್ಲಿ ಅದೇ ಮಾನದಂಡ ಒಂದು ಹಸುವಿಗೆ 3.5, ಎಮ್ಮೆಗೆ 4 ಚದರ ಮೀಟರ್ ಚಾವಣಿ ಜಾಗ ಕೇಳುತ್ತದೆ. ಒಂದೇ ಆವರಣದಲ್ಲಿ 50 ಹಸುಗಳವರೆಗೆ ಇರಬಹುದು. ಹೆರಿಗೆಗೆ ಬಂದ ಹಸುವಿನ ವಿಷಯದಲ್ಲಿ ಎರಡು ಅಂಕಿಗಳೂ ಬದಲಾಗುತ್ತವೆ: 3.5 ಇದ್ದದ್ದು 12 ಆಗುತ್ತದೆ, 50 ಇದ್ದದ್ದು 1 ಆಗುತ್ತದೆ. ಜಾಗ 3.4 ಪಟ್ಟು ಹಿಗ್ಗುವುದಕ್ಕೆ ಹಸುವಿನ ಗಾತ್ರ ಕಾರಣವಲ್ಲ, ಅದರ ಮೈ ಮೊನ್ನೆ ಇದ್ದಷ್ಟೇ ಇದೆ. ಅದು ಮಲಗುವ, ಏಳುವ, ತಿರುಗುವ ರೀತಿ ಬದಲಾಗಿರುತ್ತದೆ. ಒಳಗೆ ಒಬ್ಬ ಮನುಷ್ಯನಿಗೂ ಒಂದು ಕರುವಿಗೂ ಜಾಗ ಬೇಕಾಗಿರುತ್ತದೆ.

ಈ ವಿಷಯ ಇವತ್ತು ಹೆಚ್ಚು ಮುಖ್ಯವಾಗಿರುವುದಕ್ಕೆ ಕಾರಣ ಜಾನುವಾರು ಗಣತಿಯಲ್ಲಿದೆ. 2012ರಿಂದ 2019ರ ನಡುವೆ ದೇಶದ ವಿದೇಶಿ ಮತ್ತು ಮಿಶ್ರತಳಿ ದನಗಳ ಸಂಖ್ಯೆ ಶೇ 26.9ರಷ್ಟು ಏರಿ 5.04 ಕೋಟಿ ಮುಟ್ಟಿತು. ಇದೇ ಅವಧಿಯಲ್ಲಿ ನಾಟಿ ದನಗಳು ಶೇ 6ರಷ್ಟು ಇಳಿದವು. ತಳಿ ಕೈಪಿಡಿಗಳ ಪ್ರಕಾರ ಹಳ್ಳಿಕಾರ್ ಹಸುವಿನ ತೂಕ ಸುಮಾರು 227 ಕೆ.ಜಿ. ಅದರ ಜಾಗಕ್ಕೆ ಬಂದ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಹಸು 400ರಿಂದ 450 ಕೆ.ಜಿ. ತೂಗುತ್ತದೆ. ಹಸುವಿನ ತೂಕ ಹೆಚ್ಚುಕಡಿಮೆ ಎರಡರಷ್ಟಾಯಿತು. ಅಜ್ಜನ ಕಾಲದ ಕೊಟ್ಟಿಗೆಯ ಕಂಬಗಳ ನಡುವಿನ ಅಂತರ ಮಾತ್ರ ಬಹಳ ಕಡೆ ಇದ್ದಷ್ಟೇ ಇದೆ.

12 ಎಂಬ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ಅಳತೆಪಟ್ಟಿ ಹಿಡಿದೇ ನೋಡಬಹುದು. 450 ಕೆ.ಜಿ. ತೂಕದ ಹಸು ಮೂತಿಯಿಂದ ಬಾಲದ ಬುಡದವರೆಗೆ ಸುಮಾರು 2.4 ಮೀಟರ್. ಮಲಗಿದ ಹಸು ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಅದಕ್ಕಾಗಿ ತಲೆಯನ್ನು ಮುಂದಕ್ಕೆ ಚಾಚಿ ಭಾರವನ್ನು ಮುಂಗಾಲಿಗೆ ಹಾಕುತ್ತದೆ. ಆ ಚಾಚುವಿಕೆಗೆ 0.7 ಮೀಟರ್ ಬೇಕು. ಹಿಂದೆ ಕರು ಹೊರಬೀಳುವ ಜಾಗ ಮತ್ತು ಹಗ್ಗ ಹಿಡಿದು ಕೂತ ಮನುಷ್ಯನ ಜಾಗ ಸೇರಿ 1.5 ಮೀಟರ್. ಮೂರೂ ಸೇರಿದರೆ 4.6 ಮೀಟರ್. ಈ ಉದ್ದ ಗೋಡೆಯ ನೇರಕ್ಕೆ ಸಿಗಬೇಕೆಂದಿಲ್ಲ, ಮೂಲೆಯಿಂದ ಮೂಲೆಗೆ ಸಿಕ್ಕರೆ ಸಾಕು. 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆಯ ಮೂಲೆಯಿಂದ ಮೂಲೆಗೆ ಸರಿಯಾಗಿ 5 ಮೀಟರ್. ಉಳಿಯುವುದು 40 ಸೆಂಟಿಮೀಟರ್. ಅಂದರೆ 12 ಚದರ ಮೀಟರ್ ಧಾರಾಳದ ಅಂಕಿಯಲ್ಲ, ಸಾಕಾಗುವಷ್ಟು, ಅಷ್ಟೇ.

ವಿಸ್ತೀರ್ಣ ಸರಿಯಿದ್ದೂ ಕೋಣೆ ತಪ್ಪಾಗಬಹುದು. 2 ಮೀಟರ್ ಅಗಲ, 6 ಮೀಟರ್ ಉದ್ದದ ಪಟ್ಟಿಯೂ 12 ಚದರ ಮೀಟರೇ. ಹಳೆಯ ಕೊಟ್ಟಿಗೆಯ ಒಂದು ಬದಿಯನ್ನು ಅಡ್ಡಗಟ್ಟಿ ಹೆರಿಗೆಗೆ ಬಿಡುವವರಿಗೆ ಹೆಚ್ಚಾಗಿ ಸಿಗುವುದು ಇಂಥ ಪಟ್ಟಿಯೇ. 2.4 ಮೀಟರ್ ಉದ್ದದ ಹಸು 2 ಮೀಟರ್ ಅಗಲದಲ್ಲಿ ತಿರುಗಲಾರದು. ಹಿಂಭಾಗವನ್ನು ಗೋಡೆಗೆ ಒತ್ತಿ ಮಲಗಿದರೆ ಕರುವಿನ ಕಾಲು ಹೊರಗೆ ಬಂದ ಮೇಲೂ ಮೈ ಬರಲು ಎಡೆಯಿಲ್ಲ. ಆ ಸ್ಥಿತಿಯಲ್ಲಿ 450 ಕೆ.ಜಿ. ಹಸುವನ್ನು ಎಳೆದು ತಿರುಗಿಸಲು ಇಬ್ಬರಿಗೆ ಸಾಧ್ಯವಿಲ್ಲ. ಎದ್ದು ನಿಲ್ಲಿಸಿ ತಿರುಗಿಸಲು ಅಗಲವಿಲ್ಲ. ಹಾಗಾಗಿ ಕೋಣೆ ಆರಿಸುವವರು ಮೊದಲು ಅಳೆಯಬೇಕಾದದ್ದು ಚಿಕ್ಕ ಬದಿಯನ್ನು. ಅದು 3 ಮೀಟರ್‌ಗೆ, ಅಂದರೆ 10 ಅಡಿಗೆ, ಕಡಿಮೆ ಇದ್ದರೆ ಉದ್ದ ಎಷ್ಟಿದ್ದರೂ ಎಚ್ಎಫ್ ಮಿಶ್ರತಳಿಗೆ ಅದು ಹೆರಿಗೆ ಕೋಣೆಯಾಗುವುದಿಲ್ಲ.

ಆ ಪಟ್ಟಿ ಹಣದ ಲೆಕ್ಕದಲ್ಲೂ ನಷ್ಟದ್ದು. 2 × 6 ಮೀಟರ್ ಕೋಣೆಯ ಸುತ್ತಳತೆ 16 ಮೀಟರ್. 4 × 4 ಮೀಟರ್ ಕೋಣೆಯ ಸುತ್ತಳತೆಯೂ 16 ಮೀಟರ್. ಅದೇ ಗೋಡೆ, ಅದೇ ಪೈಪು. ಒಂದರಲ್ಲಿ 12 ಚದರ ಮೀಟರ್ ಸಿಕ್ಕರೆ ಇನ್ನೊಂದರಲ್ಲಿ 16. ಮೂರನೆಯ ಆಯ್ಕೆ 3 × 4 ಮೀಟರ್: ಸುತ್ತಳತೆ 14. ಅಲ್ಲಿಂದ 4 × 4ಕ್ಕೆ ಹೋದರೆ ಗೋಡೆ ಶೇ 14ರಷ್ಟು ಹೆಚ್ಚುತ್ತದೆ, ನೆಲ ಶೇ 33ರಷ್ಟು ಹೆಚ್ಚುತ್ತದೆ. ಹೊಸದಾಗಿ ಕಟ್ಟುವವರಿಗೆ 16 ಚದರ ಮೀಟರ್ ಯೋಚಿಸಬೇಕಾದ ಗಾತ್ರ. ಇರುವ ಕೊಟ್ಟಿಗೆಯಲ್ಲಿ ಹೊಂದಿಸುವವರಿಗೆ 12 ಸಾಕು.

ಹೊರದೇಶಗಳ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಅಮೆರಿಕದ ಡೇರಿಗಳಲ್ಲಿ ಒಂಟಿ ಹೆರಿಗೆ ಕೋಣೆಗೆ ಬಹುಕಾಲ ಬಳಕೆಯಲ್ಲಿರುವ ಅಳತೆ 12 × 12 ಅಡಿ. ಅಂದರೆ 144 ಚದರ ಅಡಿ, 13.4 ಚದರ ಮೀಟರ್. ಅಲ್ಲಿನ ಹೋಲ್‌ಸ್ಟೀನ್ ಹಸು 650ರಿಂದ 700 ಕೆ.ಜಿ. ತೂಗುತ್ತದೆ. ನೂರು ಕೆ.ಜಿ. ತೂಕಕ್ಕೆ ಅಲ್ಲಿ ಸುಮಾರು 2 ಚದರ ಮೀಟರ್ ಬಿದ್ದರೆ, ನಮ್ಮ 450 ಕೆ.ಜಿ. ಹಸುವಿಗೆ 12 ಚದರ ಮೀಟರ್ ಕೊಟ್ಟಾಗ 2.7 ಬೀಳುತ್ತದೆ. ಇದರಿಂದ ನಮ್ಮ ಮಾನದಂಡ ಉದಾರವಾದದ್ದು ಎಂದು ತೀರ್ಮಾನಿಸಬಾರದು. ಹಸು ಚಿಕ್ಕದಾದರೂ ಹಗ್ಗ ಹಿಡಿಯುವ ಮನುಷ್ಯ ಚಿಕ್ಕವನಾಗುವುದಿಲ್ಲ. 14 × 14 ಅಡಿಯ ಕೋಣೆಗಳೂ ಅಲ್ಲಿ ಬಳಕೆಯಲ್ಲಿವೆ, ಅದು 18.2 ಚದರ ಮೀಟರ್.

ಇಂಗ್ಲೆಂಡಿನ 2007ರ ಸಾಕುಪ್ರಾಣಿ ಕ್ಷೇಮ ನಿಯಮದಲ್ಲಿ ಈ ಬಗ್ಗೆ ಒಂದೂ ಅಂಕಿಯಿಲ್ಲ. ಕಟ್ಟಡದೊಳಗೆ ಈಯುವ ಹಸುವನ್ನು ಇಟ್ಟರೆ ಆ ಜಾಗ, ಒಬ್ಬ ವ್ಯಕ್ತಿ ಒಳಗೆ ಹೋಗಿ ಅದರ ಆರೈಕೆ ಮಾಡುವಷ್ಟು ದೊಡ್ಡದಿರಬೇಕು ಮತ್ತು ಈಯುತ್ತಿರುವ ಹಸುಗಳನ್ನು ಬಿಟ್ಟು ಬೇರೆ ಜಾನುವಾರು ಅಲ್ಲಿರಬಾರದು ಎಂದಷ್ಟೇ ಅದು ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಅಂಕಿಗಿಂತ ಕಠಿಣವಾದ ಪರೀಕ್ಷೆ. 12 ಚದರ ಮೀಟರ್ ಇದ್ದೂ ಮನುಷ್ಯ ಹಸುವಿನ ಹಿಂದೆ ಕೂರಲಾಗದಿದ್ದರೆ ಆ ಕೋಣೆ ಇಲ್ಲಿ ಅನುತ್ತೀರ್ಣ.

ತಳಿ ಚಿಕ್ಕದಾದಾಗ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮಲೆನಾಡು ಗಿಡ್ಡ ಹಸುವಿನ ತೂಕ ಸುಮಾರು 120 ಕೆ.ಜಿ.; ಎಚ್ಎಫ್ ಮಿಶ್ರತಳಿಯ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ತೂಕ 3.75 ಪಟ್ಟು ಕಡಿಮೆಯಾದರೆ ಉದ್ದ ಕಡಿಮೆಯಾಗುವುದು ಸುಮಾರು 1.55 ಪಟ್ಟು ಮಾತ್ರ, ಏಕೆಂದರೆ ತೂಕ ಉದ್ದ, ಅಗಲ, ಎತ್ತರ ಮೂರಕ್ಕೂ ಹಂಚಿಹೋಗುತ್ತದೆ. ಆ ಲೆಕ್ಕದಲ್ಲಿ ಗಿಡ್ಡದ ಮೈ 1.55 ಮೀಟರ್, ಏಳುವಾಗಿನ ಚಾಚು 0.45 ಮೀಟರ್. ಮನುಷ್ಯ ಮತ್ತು ಕರುವಿನ 1.5 ಮೀಟರ್ ಮಾತ್ರ ಹಾಗೇ ಉಳಿಯುತ್ತದೆ. ಒಟ್ಟು 3.5 ಮೀಟರ್. ಎಚ್ಎಫ್ ಹಸುವಿನ 4.6 ಮೀಟರಿನಲ್ಲಿ ಮೂರನೇ ಒಂದು ಪಾಲು ಆರೈಕೆಯ ಜಾಗವಾದರೆ, ಗಿಡ್ಡದ ಲೆಕ್ಕದಲ್ಲಿ ಅದು ಶೇ 43. 2.5 × 2.5 ಮೀಟರ್, ಅಂದರೆ 6.25 ಚದರ ಮೀಟರ್, ಗಿಡ್ಡಕ್ಕೆ ಹೊಂದುತ್ತದೆ. ಹಳ್ಳಿಕಾರ್ ಹಸುವಿಗೆ ಇದೇ ಕ್ರಮದಲ್ಲಿ ಸುಮಾರು 4 ಮೀಟರ್ ಬೇಕು, 2.8 × 3 ಮೀಟರ್ ಕೋಣೆ ಸಾಕಾಗುತ್ತದೆ. ಎಮ್ಮೆಗೆ ಪ್ರತ್ಯೇಕ ಲೆಕ್ಕ ಬೇಡ, 12 ಚದರ ಮೀಟರೇ ಇರಲಿ.

ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದಕ್ಕೂ ಒಂದು ಅಂಕಿ ಇದೆ. 1.2 ಮೀಟರ್ ಅಗಲದ ಗೇಟು ಒಳಮುಖವಾಗಿ ತೆರೆದರೆ ಅದು ಕಾಲು ವೃತ್ತ ಸುತ್ತುತ್ತದೆ: 1.13 ಚದರ ಮೀಟರ್, ಕೋಣೆಯ ಶೇ 9.4. ಆ ಕಾಲು ವೃತ್ತದೊಳಗೆ ಹಸು ಮಲಗಿಬಿಟ್ಟರೆ ಗೇಟು ತೆರೆಯುವುದೇ ಇಲ್ಲ. ಕರು ಹಾಕಿದ ಮೊದಲ ಒಂದೆರಡು ದಿನ ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಎದ್ದು ನಿಲ್ಲಲಾಗದೆ ಹೋಗುವುದುಂಟು. ಹಾಲುಜ್ವರ ಎಂದು ಕರೆಯುವ ಸ್ಥಿತಿ ಇದು. ಹಾಗೆ ಬಿದ್ದ ಹಸುವಿನ ಹತ್ತಿರ ಹೋಗಲು ಗೋಡೆ ಹಾರಬೇಕಾದ ಕೋಣೆಯನ್ನು ಯಾರೂ ಕಟ್ಟಬಾರದು. ಗೇಟು ಹೊರಮುಖವಾಗಿ ತೆರೆಯಲಿ. ಇನ್ನೊಂದು ಮೂಲೆಯಲ್ಲಿ 35ರಿಂದ 40 ಸೆಂಟಿಮೀಟರ್ ಸಂದು ಬಿಡಿ: ಮನುಷ್ಯ ಪಕ್ಕವಾಗಿ ನುಸುಳಬಹುದು, ಹಸು ಬರಲಾರದು. ಕರು ಹಾಕಿದ ಹಸು ಎಷ್ಟೇ ಸಾಧುವಾಗಿದ್ದರೂ ಕರುವಿನ ಹತ್ತಿರ ಬಂದವರನ್ನು ಹಾಯಬಹುದು. ಹಾಲು ಕರೆಯುವ ಹೆಂಗಸರಿಗೂ ಪಶುವೈದ್ಯರಿಗೂ ಆ ಸಂದೇ ರಕ್ಷಣೆ.

ಹಗ್ಗದ ಮಾತು ಬೇರೆಯಾಗಿ ಹೇಳಬೇಕು. 12 ಚದರ ಮೀಟರ್ ಕೋಣೆ ಕೊಟ್ಟು, ಮೂಲೆಯ ಬಳೆಗೆ 1 ಮೀಟರ್ ಹಗ್ಗದಲ್ಲಿ ಕಟ್ಟಿದರೆ ಹಸುವಿಗೆ ಸಿಗುವುದು, ಹಗ್ಗವೂ ಕುತ್ತಿಗೆಯಿಂದ ಹಿಂದಿನ ಮೈಯೂ ಸೇರಿ, ಹೆಚ್ಚೆಂದರೆ 3 ಮೀಟರ್ ತ್ರಿಜ್ಯದ ಕಾಲು ವೃತ್ತ, 7.1 ಚದರ ಮೀಟರ್. ಕಟ್ಟಿದ ಜಾಗದ ಶೇ 41 ವ್ಯರ್ಥ. ಹೆರಿಗೆಯ ಮೊದಲ ಹಂತದಲ್ಲಿ, ಅಂದರೆ ನೋವು ಶುರುವಾಗಿ ನೀರಿನ ಚೀಲ ಕಾಣುವವರೆಗಿನ 2ರಿಂದ 6 ಗಂಟೆಗಳಲ್ಲಿ, ಹಸು ಪದೇ ಪದೇ ಮಲಗಿ ಏಳುತ್ತದೆ, ತಿರುಗುತ್ತದೆ. ಕಡಸಿನಲ್ಲಿ ಈ ಅವಧಿ ಇನ್ನೂ ಉದ್ದ. ಹಗ್ಗ ಕಾಲಿಗೆ ಸುತ್ತಿಕೊಳ್ಳುವ ಸಮಯ ಇದೇ. ಕೋಣೆಯೊಳಗೆ ಹಸು ಬಿಚ್ಚಿಯೇ ಇರಲಿ. ಸಹಾಯ ಬೇಕಾದಾಗ ಮಾತ್ರ ಕಟ್ಟಿ, ಅದೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟಿನಿಂದ, ನೆಲಕ್ಕೆ ಹತ್ತಿರವಿರುವ ಬಳೆಗೆ.

ಇನ್ನು ನೆಲ. ದೊಡ್ಡ ಮಿಶ್ರತಳಿ ಹಸು ದಿನಕ್ಕೆ ಸುಮಾರು 20 ಕೆ.ಜಿ. ಸಗಣಿ, 10 ಲೀಟರ್ ಗಂಜಲ ಹಾಕುತ್ತದೆ. 2.04 ಚದರ ಮೀಟರಿನಲ್ಲಿ ಪ್ರತಿ ಚದರ ಮೀಟರಿಗೆ 14.7 ಕೆ.ಜಿ. ಬಿದ್ದರೆ, 12 ಚದರ ಮೀಟರಿನಲ್ಲಿ 2.5 ಕೆ.ಜಿ. ಹೊಕ್ಕುಳ ಬಳ್ಳಿ ಹಸಿಯಾಗಿರುವ ಕರು ಬೀಳುವುದು ಈ ನೆಲದ ಮೇಲೆ. ಕೆಚ್ಚಲಿನ ತೊಟ್ಟುಗಳು ಸಡಿಲವಾಗಿ ಹಾಲು ಸೋರುವ ಹಸು ಮಲಗುವುದೂ ಇದರ ಮೇಲೆಯೇ. ಇಳಿಜಾರು 40ಕ್ಕೆ 1ರಿಂದ 60ಕ್ಕೆ 1 ಇರಲಿ. 4 ಮೀಟರ್ ಉದ್ದಕ್ಕೆ 7ರಿಂದ 10 ಸೆಂಟಿಮೀಟರ್ ಇಳಿತ. ಕಾಲುವೆ ಕೋಣೆಯ ಹೊರಗಿರಬೇಕು. ಕಾಂಕ್ರೀಟನ್ನು ನುಣುಪಾಗಿ ಎಳೆಯದೆ ಗೆರೆ ಹಾಕಿಸಿ. ಹೆರಿಗೆಯ ಬಳಿಕ ಜಾರಿ ಕಾಲಗಲಿಸಿ ಬಿದ್ದ ಹಸುವಿನ ಒಳತೊಡೆಯ ಸ್ನಾಯು ಹರಿದರೆ ಅದು ಮತ್ತೆ ಏಳುವುದು ಅನುಮಾನ.

ಹಾಸಿನ ಖರ್ಚು ಹಲವರ ಲೆಕ್ಕದಿಂದ ತಪ್ಪಿಹೋಗುತ್ತದೆ. 12 ಚದರ ಮೀಟರಿಗೆ 15 ಸೆಂಟಿಮೀಟರ್ ದಪ್ಪ ಹಾಸಿದರೆ 1.8 ಘನ ಮೀಟರ್. ಬಿಡಿ ಭತ್ತದ ಹುಲ್ಲನ್ನು ಘನ ಮೀಟರಿಗೆ 50 ಕೆ.ಜಿ. ಎಂದು ಹಿಡಿದರೆ ಮೊದಲ ಹಾಸಿಗೆ 90 ಕೆ.ಜಿ. ದಿನಕ್ಕೆ 6 ಕೆ.ಜಿ. ಮೇಲುಹಾಸಿನಂತೆ 10 ದಿನಕ್ಕೆ 60 ಕೆ.ಜಿ. ಒಟ್ಟು 150 ಕೆ.ಜಿ. ಕಿಲೋಗೆ 5 ರೂಪಾಯಿ ಲೆಕ್ಕದಲ್ಲಿ 750 ರೂಪಾಯಿ. ಇಷ್ಟು ಹುಲ್ಲನ್ನು ಮೇವಿನಿಂದ ಕಡಿತ ಮಾಡಲಾಗದವರಿಗೆ ಕಬ್ಬಿನ ತರಗು, ಒಣಗಿದ ಅಡಿಕೆ ಸಿಪ್ಪೆ, ಮರದ ಹೊಟ್ಟು ಇವೆ. ಮಲೆನಾಡಿನಲ್ಲಿ ಸೊಪ್ಪು, ತರಗೆಲೆ ಹಾಸುವ ಪದ್ಧತಿ ಮೊದಲಿನಿಂದಲೂ ಇದೆ. ಯಾವುದಾದರೂ ಆಗಲಿ, ಒಣಗಿರಬೇಕು. ಮರಳು ಹಾಕುವವರು 10 ಸೆಂಟಿಮೀಟರಿಗೇ ಸುಮಾರು 1.9 ಟನ್ ಬೇಕೆಂಬುದನ್ನು ನೆನಪಿಡಿ. ಬರಿಯ ರಬ್ಬರ್ ಮ್ಯಾಟ್ ದಿನನಿತ್ಯಕ್ಕೆ ಸರಿ, ಹೆರಿಗೆಗೆ ಸಾಲದು. ಗರ್ಭದ ನೀರು, ರಕ್ತ ಅದರ ಮೇಲೆ ನಿಲ್ಲುತ್ತವೆ, ಹೀರಿಕೊಳ್ಳಲು ಏನೂ ಇರುವುದಿಲ್ಲ.

ಹತ್ತು ದಿನ ಎಂಬ ಅಂಕಿಯ ಹಿಂದೆಯೂ ಲೆಕ್ಕವಿದೆ. ಹಸುವಿನ ಗಬ್ಬದ ಅವಧಿ ಸರಾಸರಿ 280 ದಿನ. ಆದರೆ ಅದು ಸುಮಾರು 5 ದಿನ ಆಚೀಚೆ ಹರಡಿಕೊಂಡಿರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಪ್ರಮಾಣಿತ ವಿಚಲನೆ ಎನ್ನುತ್ತಾರೆ, ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತದೆ ಎಂಬುದರ ಅಳತೆ. ಇದನ್ನು ಬಳಸಿ ಲೆಕ್ಕ ಹಾಕಿದರೆ, ಕೃತಕ ಗರ್ಭಧಾರಣೆಯ ಕಾರ್ಡಿನಲ್ಲಿರುವ ನಿರೀಕ್ಷಿತ ಹೆರಿಗೆಯ ದಿನಾಂಕಕ್ಕೆ 3 ದಿನ ಮೊದಲು ಕೋಣೆಗೆ ಬಿಡುವವರ 100 ಹಸುಗಳಲ್ಲಿ 27 ಅದಕ್ಕೂ ಮುಂಚೆ ಸಾಲಿನಲ್ಲೇ ಕರು ಹಾಕಿಬಿಡುತ್ತವೆ. 7 ದಿನ ಮೊದಲು ಬಿಟ್ಟರೆ ಈ ಸಂಖ್ಯೆ 8ಕ್ಕೆ ಇಳಿಯುತ್ತದೆ. ನೋವು ಜೋರಾದ ಮೇಲೆ ಸಾಗಿಸುವುದೂ ಒಳ್ಳೆಯದಲ್ಲ. ಹಾಗೆ ಸಾಗಿಸಿದ ಹಸುಗಳಲ್ಲಿ ಕರು ಹೊರಬರುವ ಎರಡನೇ ಹಂತ ಎಳೆದುಕೊಳ್ಳುತ್ತದೆ. ಮುಂಚಿನ 7 ದಿನ, ಈದ ಮೇಲೆ 2 ದಿನ, ತೊಳೆದು ಒಣಗಿಸಲು 1 ದಿನ: ಒಂದು ಹೆರಿಗೆಗೆ ಕೋಣೆ ಹಿಡಿಯುವ ಕಾಲ 10 ದಿನ.

ಹಾಗಾದರೆ ಎಷ್ಟು ಕೋಣೆ ಬೇಕು? ಒಂದು ಹೆರಿಗೆಯಿಂದ ಇನ್ನೊಂದಕ್ಕೆ 400 ದಿನ ಎಂದು ಹಿಡಿಯೋಣ. 4 ಹಸುಗಳ ಕೊಟ್ಟಿಗೆಯಲ್ಲಿ ವರ್ಷಕ್ಕೆ ಸರಾಸರಿ 3.65 ಹೆರಿಗೆ, ಕೋಣೆ ಬಳಕೆಯಾಗುವುದು 36 ದಿನ, ವರ್ಷದ ಶೇ 10. 10 ಹಸುಗಳಿಗೆ 91 ದಿನ, ಶೇ 25. 20 ಹಸುಗಳಿಗೆ 182 ದಿನ, ಶೇ 50. ಅರ್ಧ ವರ್ಷ ಖಾಲಿಯಿದೆಯಲ್ಲ, ಒಂದೇ ಸಾಕು ಎಂದು ತೋರುತ್ತದೆ. ಆದರೆ ಹೆರಿಗೆಗಳು ಸರದಿಯಲ್ಲಿ ಬರುವುದಿಲ್ಲ. ವರ್ಷವಿಡೀ ಕ್ರಮವಿಲ್ಲದೆ ಹರಡಿ ಬರುತ್ತವೆ ಎಂದು ಹಿಡಿದು ಲೆಕ್ಕ ಹಾಕಿದರೆ, 20 ಹಸುಗಳಿಗೆ ಒಂದೇ ಕೋಣೆಯಿದ್ದಾಗ ಮೂರರಲ್ಲಿ ಒಂದು ಹಸು ಬರುವ ಹೊತ್ತಿಗೆ ಕೋಣೆಯಲ್ಲಿ ಇನ್ನೊಂದು ಇರುತ್ತದೆ. ಎರಡು ಕೋಣೆಯಿದ್ದರೆ ಈ ಸಂಭವ ಶೇ 8ಕ್ಕೆ ಇಳಿಯುತ್ತದೆ. 10 ಹಸುಗಳಿಗೆ ಒಂದು ಕೋಣೆಯಿದ್ದರೆ ಶೇ 20, 4 ಹಸುಗಳಿಗೆ ಶೇ 9. 50 ಹಸುಗಳ ಡೇರಿಗೆ 2 ಕೋಣೆಯಿದ್ದರೆ ಶೇ 26, 3 ಇದ್ದರೆ ಶೇ 10, 4 ಇದ್ದರೆ ಶೇ 3.

ಸುಗ್ಗಿಯ ಮೇವು ನೋಡಿಕೊಂಡು ಎಲ್ಲ ಹಸುಗಳಿಗೂ ಒಂದೇ ತಿಂಗಳಲ್ಲಿ ಗರ್ಭಧಾರಣೆ ಮಾಡಿಸುವವರಿಗೆ ಈ ಶೇಕಡಾವಾರು ಅನ್ವಯಿಸುವುದಿಲ್ಲ. ಅವರಿಗೆ ಇನ್ನೂ ಹೆಚ್ಚು ಕೋಣೆ ಬೇಕು. ಹೊರದೇಶದ ದೊಡ್ಡ ಡೇರಿಗಳಲ್ಲಿ ಹಲವು ಹಸುಗಳನ್ನು ಒಂದೇ ಅಂಗಳದಲ್ಲಿ ಈಯಲು ಬಿಡುವುದುಂಟು. ನಮ್ಮ ಗಾತ್ರದ ಕೊಟ್ಟಿಗೆಗಳಿಗೆ ಅದು ಉತ್ತರವಲ್ಲ.

ಈಗ ಹಣ. ಕರ್ನಾಟಕದಲ್ಲಿ ನರೇಗಾ ಅಡಿ ದನದ ಕೊಟ್ಟಿಗೆಗೆ ನೀಡಿದ ನೆರವಿನ ಮೊತ್ತ 57,000 ರೂಪಾಯಿ. ಅಷ್ಟರಲ್ಲಿ 10 ಅಡಿ ಅಗಲ, 18 ಅಡಿ ಉದ್ದದ ಕೊಟ್ಟಿಗೆ ಎದ್ದಿತು ಎಂದು ಹಿಡಿದರೆ ಚದರ ಅಡಿಗೆ 317 ರೂಪಾಯಿ. ಅದೇ ದರದಲ್ಲಿ 10 × 13 ಅಡಿಯ ಹೆರಿಗೆ ಕೋಣೆಗೆ ಸುಮಾರು 41,000 ರೂಪಾಯಿ. 15 ವರ್ಷ ಬಾಳಿಕೆ ಎಂದುಕೊಂಡರೆ 4 ಹಸುಗಳ ಕೊಟ್ಟಿಗೆಯಲ್ಲಿ ಅಷ್ಟರಲ್ಲಿ 55 ಹೆರಿಗೆ ಆಗುತ್ತವೆ. ಒಂದಕ್ಕೆ 749 ರೂಪಾಯಿ. 10 ಹಸುಗಳಿದ್ದರೆ 300 ರೂಪಾಯಿ. 20 ಹಸುಗಳಿಗೆ ಎರಡು ಕೋಣೆ ಕಟ್ಟಿದರೂ ಅದೇ 300.

ಈ 749 ರೂಪಾಯಿಯನ್ನು ಹಾಲಿಗೆ ಹಂಚಿ ನೋಡಿ. ದಿನಕ್ಕೆ ಸರಾಸರಿ 10 ಲೀಟರಿನಂತೆ 305 ದಿನ ಕರೆಯುವ ಹಸು 3,050 ಲೀಟರ್ ಕೊಡುತ್ತದೆ. ಲೀಟರಿಗೆ ಬೀಳುವ ಕೋಣೆಯ ವೆಚ್ಚ 25 ಪೈಸೆ. ಹಾಸಿನ 750 ರೂಪಾಯಿ ಸೇರಿಸಿದರೆ 49 ಪೈಸೆ. ರಾಜ್ಯ ಸರ್ಕಾರ 2016ರಲ್ಲಿ ಹಾಲು ಉತ್ಪಾದಕರಿಗೆ ನಿಗದಿ ಮಾಡಿದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಏರಿದ್ದು ಲೀಟರಿಗೆ 4 ರೂಪಾಯಿ. ಹಾಸೂ ಸೇರಿದ ಹೆರಿಗೆ ಕೋಣೆಯ ವೆಚ್ಚ ಆ ಒಂದು ಏರಿಕೆಯ ಶೇ 12. 12ರ ಬದಲು 16 ಚದರ ಮೀಟರ್ ಕಟ್ಟಿ, ಅದಕ್ಕೆ ತಕ್ಕ ಹಾಸು ಹಾಕಿದರೆ 4 ಹಸುಗಳ ಮನೆಗೆ ಲೀಟರಿಗೆ ಇನ್ನೂ 16 ಪೈಸೆ ಹೆಚ್ಚುತ್ತದೆ. ಹಾಸಿನ ಹುಲ್ಲು ಗೊಬ್ಬರದ ಗುಂಡಿಗೆ ಹೋಗಿ ಹೊಲಕ್ಕೆ ಮರಳುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಆದರೂ 4 ಹಸುಗಳ ಮನೆಯವರಿಗೆ ಪ್ರತ್ಯೇಕ ಕೋಣೆ ಕಟ್ಟಿ ಎಂದು ಹೇಳುವುದು ಸುಲಭವಲ್ಲ. ಅವರ ಇಡೀ ಕೊಟ್ಟಿಗೆಯೇ 180 ಚದರ ಅಡಿ, ಅಂದರೆ 16.7 ಚದರ ಮೀಟರ್. ಅದರಲ್ಲಿ 12 ಚದರ ಮೀಟರ್ ಎಂದರೆ ಶೇ 72. ವರ್ಷದಲ್ಲಿ 329 ದಿನ ಖಾಲಿ ಇರುವ ಕೋಣೆಗೆ 41,000 ರೂಪಾಯಿ ಹೂಡುವ ಶಕ್ತಿ ಅವರಿಗೆ ಇರಬೇಕೆಂದೂ ಇಲ್ಲ. ಅವರಿಗೆ ಹೊಂದುವ ದಾರಿ ಕಳಚಿ ಹಾಕಬಹುದಾದ ಗೇಟು. 10 ಅಡಿ ಅಗಲದ ಕೊಟ್ಟಿಗೆಯಲ್ಲಿ ಅಡ್ಡಕ್ಕೆ 10 ಅಡಿಯ ಒಂದು ಪೈಪ್ ಗೇಟು ಸಿಕ್ಕಿಸಿದರೆ 13 ಅಡಿ ಉದ್ದದ ಕೋಣೆ ತಯಾರು. ಉಳಿದ ಮೂರು ಬದಿಗೆ ಗೋಡೆ ಇದ್ದೇ ಇದೆ. ಇನ್ನೊಂದು ಬದಿಯಲ್ಲಿ ಉಳಿಯುವ 50 ಚದರ ಅಡಿಯಲ್ಲಿ, ಅಂದರೆ 4.6 ಚದರ ಮೀಟರಿನಲ್ಲಿ, ಒಂದು ಹಸು ನೆಮ್ಮದಿಯಾಗಿ ನಿಲ್ಲಬಹುದು. ಮಿಕ್ಕ ಎರಡನ್ನು 10 ದಿನ ಹೊರಗೆ ನೆರಳಲ್ಲಿ ಕಟ್ಟಬೇಕು. ವರ್ಷಕ್ಕೆ ಮೂರೂವರೆ ಸಲ ಬರುವ ಈ ತೊಂದರೆ ಬೇಸಿಗೆಯಲ್ಲಿ ದೊಡ್ಡದಲ್ಲ. ಮಳೆಗಾಲದಲ್ಲಿ ಟಾರ್ಪಾಲಿನ ಇಳಿಚಾವಣಿ ಬೇಕಾಗುತ್ತದೆ.

ಕೋಣೆಯ ಒಳಗೆ ಗೋದಲಿ ಅಡ್ಡ ಬಂದಿದ್ದರೆ ಅದರ ಅಗಲವನ್ನು ಕಳೆದೇ ಅಳತೆ ಹಿಡಿಯಬೇಕು. 10 ಅಡಿ ಅಗಲದ ಕೊಟ್ಟಿಗೆಯ ಉದ್ದಕ್ಕೂ 2 ಅಡಿಯ ಗೋದಲಿ ಇದ್ದರೆ ಉಳಿಯುವುದು 8 ಅಡಿ, 2.44 ಮೀಟರ್. 2.4 ಮೀಟರಿನ ಹಸುವಿಗೆ ಅದು ಮೈಯಷ್ಟೇ ಅಗಲ. 3 ಮೀಟರಿನ ಪರೀಕ್ಷೆಯಲ್ಲಿ ಈ ಕೊಟ್ಟಿಗೆ ನಿಲ್ಲುವುದಿಲ್ಲ. ಗೋದಲಿಯನ್ನು ಉದ್ದದ ಗೋಡೆಯ ಬದಲು 10 ಅಡಿಯ ಅಡ್ಡಗೋಡೆಗೆ ಕಟ್ಟಿದರೆ, ಅಥವಾ ಕೋಣೆಯಾಗುವ ಭಾಗದಲ್ಲಿ ಕಟ್ಟದೆ ಬಾಣಲಿಯಲ್ಲಿ ಮೇವು ಇಟ್ಟರೆ, ಅಗಲ ಪೂರ್ತಿ ಉಳಿಯುತ್ತದೆ. ಕಟ್ಟುವ ಮೊದಲು ಇದನ್ನು ತೀರ್ಮಾನಿಸಿದರೆ ಹೆಚ್ಚುವರಿ ಖರ್ಚು ಇಲ್ಲ.

ಕೋಣೆ ಸರಿಯಿದ್ದರೂ ಗಡಿಯಾರ ನೋಡುವುದು ತಪ್ಪುವುದಿಲ್ಲ. ನೀರಿನ ಚೀಲ ಕಂಡು 1 ಗಂಟೆಯಾದರೂ ಹಸುವಿನಲ್ಲಿ, 2 ಗಂಟೆಯಾದರೂ ಕಡಸಿನಲ್ಲಿ ಮುಂದಿನ ಬೆಳವಣಿಗೆ ಕಾಣದಿದ್ದರೆ ಪಶುವೈದ್ಯರನ್ನು ಕರೆಯಬೇಕು; ಸಹಾಯವಾಣಿ 1962. ಎಳೆಯುವುದು ಅನಿವಾರ್ಯವಾದರೂ ಇಬ್ಬರ ಬಲಕ್ಕಿಂತ ಹೆಚ್ಚು ಬೇಡ. ಕಸ, ಅಂದರೆ ಮಾಸು, 12 ಗಂಟೆಯೊಳಗೆ ಬೀಳದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಸುಮಾರು 30 ಕೆ.ಜಿ. ತೂಕದ ಕರುವಿಗೆ ಅದರ ತೂಕದ ಶೇ 10, ಅಂದರೆ 3 ಲೀಟರ್ ಗಿಣ್ಣು ಹಾಲು ಮೊದಲ ಕೆಲವು ಗಂಟೆಗಳಲ್ಲೇ ಹೊಟ್ಟೆ ಸೇರಬೇಕು. ತಾಯಿಯ ರೋಗನಿರೋಧಕ ಅಂಶವನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿನಲ್ಲಿ 24 ಗಂಟೆಯ ಹೊತ್ತಿಗೆ ಮುಗಿದುಹೋಗಿರುತ್ತದೆ.

ಸರ್ಕಾರದ ನೆರವಿನಲ್ಲಿ ಎದ್ದೇಳುವ ಕೊಟ್ಟಿಗೆಗಳ ಅಂದಾಜುಪಟ್ಟಿ ಬರೆಯುವ ಎಂಜಿನಿಯರುಗಳಲ್ಲಿ ಮತ್ತು ಗ್ರಾಮ ಪಂಚಾಯಿತಿಗಳಲ್ಲಿ ಒಂದು ಕೋರಿಕೆ. ನಕ್ಷೆಯಲ್ಲಿ ಒಳ ಅಗಲ 10 ಅಡಿ ಇರಲಿ, ಗೋದಲಿ ಅಡ್ಡಗೋಡೆಗೆ ಬರಲಿ. ಉದ್ದದ ಎರಡೂ ಗೋಡೆಗಳಲ್ಲಿ 13 ಅಡಿಯ ಗುರುತಿಗೆ ಕಬ್ಬಿಣದ ಕೊಕ್ಕೆಗಳನ್ನು ಸಿಮೆಂಟಿನಲ್ಲಿ ಕೂರಿಸಲಿ. 10 ಅಡಿಯ ಒಂದು ಪೈಪ್ ಗೇಟನ್ನು ಸಾಮಗ್ರಿ ಪಟ್ಟಿಗೆ ಸೇರಿಸಲಿ. ಈಗಾಗಲೇ ಕೊಟ್ಟಿಗೆ ಇರುವವರು ಮುಂದಿನ ಹಸು ಎಂಟು ತಿಂಗಳ ಗಬ್ಬವಾಗುವ ಮೊದಲೇ ಆ ಕೊಕ್ಕೆಗಳನ್ನು ತಾವೇ ಹಾಕಿಸಿಕೊಳ್ಳಿ.